ಒಂಬತ್ತು ಮಂದಿಯ ಮೇಜು

ಜನವರಿ 9

ಪ್ರೀತಿಯ ಅಣ್ಣನಿಗೆ,

ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅತ್ತಿಗೆ ಇದ್ದಾಗ ಅವರೇ ಎತ್ತಿ, ನಿನ್ನ ಪಾಲಿನ ಮಾತನ್ನೂ ತಾವೇ ಆಡಿ ಮುಗಿಸುತ್ತಿದ್ದರು. ಅವರು ಹೋಗಿ ಎರಡು ವರ್ಷವಾಯಿತು, ನೀನಿನ್ನೂ ಫೋನಿಗೆ ಒಗ್ಗಲಿಲ್ಲ. ಹೋಗಲಿ, ಕಾಗದ ಹಾಕಿದರೆ ಉತ್ತರವಾದರೂ ಬರುತ್ತದೆ.

ವಿಷಯ ಏನೆಂದರೆ, ನಮ್ಮ ಕಂಪನಿಗೂ ಒಂದು ದಾಖಲೆ ನಿರ್ವಹಣಾ ಸಮಿತಿ ಬರುತ್ತಿದೆ. ಯಾವ ಕಾಗದವನ್ನು ಎಷ್ಟು ವರ್ಷ ಇಡಬೇಕು, ಯಾವುದನ್ನು ಯಂತ್ರಕ್ಕೆ ಕೊಟ್ಟು ಚೂರು ಮಾಡಿಸಬೇಕು ಅನ್ನುವುದನ್ನೆಲ್ಲ ಇನ್ನು ಅದೇ ತೀರ್ಮಾನಿಸುತ್ತದೆ. ಸಮಿತಿಯಲ್ಲಿ ಎಷ್ಟು ಜನ ಇರಬೇಕು, ಯಾರ್‍ಯಾರು ಇರಬೇಕು ಎಂದು ಬರೆದುಕೊಡಲು ನಿರ್ದೇಶಕರು ನನಗೇ ಹೇಳಿದ್ದಾರೆ. ನಾನು ಸಮಿತಿಯ ಕಾರ್ಯದರ್ಶಿ. ಸದಸ್ಯೆಯಲ್ಲ, ಮತವಿಲ್ಲ, ನಡಾವಳಿ ಬರೆಯುವುದಷ್ಟೇ ಕೆಲಸ.

ಊರಿಗೆಲ್ಲ ಕಬ್ಬಿಣದ ಕಪಾಟು ಮಾಡಿ ಮಾರುವ ಕಂಪನಿ ನಮ್ಮದು, ನಮ್ಮದೇ ಕಡತಗಳು ಗೋದಾಮಿನ ನೆಲದ ಮೇಲೆ ಬಿದ್ದಿವೆ. ದೀಪದ ಬುಡದಲ್ಲೇ ಕತ್ತಲು. ಹತ್ತು ವರ್ಷದಿಂದ ಇದನ್ನು ಹೇಳಿ ಹೇಳಿ ಸಾಕಾಗಿತ್ತು, ಕಿವುಡರ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಈಗ ಅವರೇ ಕೇಳುತ್ತಿದ್ದಾರೆ.

ನೀನು ಪ್ರೆಸ್ ಶಾಪಿನಲ್ಲಿ ಇಪ್ಪತ್ತು ವರ್ಷ ತಗಡು ಒತ್ತಿದವನು, ಆಮೇಲೆ ಹತ್ತು ವರ್ಷದಿಂದ ನಮ್ಮ ಕಾರ್ಖಾನೆಯ ದಾಖಲೆ ಕೊಠಡಿ ನೋಡಿಕೊಳ್ಳುತ್ತಿರುವವನು. ಐದು ಜನವೋ, ಏಳೋ, ಒಂಬತ್ತೋ? ನಿನ್ನ ಅಭಿಪ್ರಾಯ ಬರಿ. ಮಗಳು ಹೇಗಿದ್ದಾಳೆ?

ನಿನ್ನ
ಗುಬ್ಬಿ

ಜನವರಿ 20

ಗುಬ್ಬಿಗೆ,

ಐದು. ಅದಕ್ಕಿಂತ ಒಂದೂ ಹೆಚ್ಚು ಬೇಡ. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದದ್ದು ನೆನಪಿದೆಯಲ್ಲ? ಆ ಐದರಲ್ಲಿ ನಾನೊಬ್ಬ ಇರಬೇಕು. ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ. ಇಷ್ಟು ವರ್ಷದಲ್ಲಿ ನಿನ್ನ ಆಫೀಸಿನಿಂದ ನಾನು ಏನನ್ನೂ ಕೇಳಿದವನಲ್ಲ.

ಯಾಕೆಂದು ಹೇಳುತ್ತೇನೆ. ನನ್ನ ಕೊಠಡಿಯಲ್ಲಿ ಇನ್ನೂರ ಹದಿನಾಲ್ಕು ಕಿವಿ ಕಾರ್ಡುಗಳಿವೆ. ಪ್ರೆಸ್ ಶಾಪಿಗೆ ಸೇರಿದವರನ್ನೆಲ್ಲ ಮೊದಲ ದಿನವೇ ನರ್ಸಮ್ಮ ಒಂದು ಮರದ ಗೂಡಿನಲ್ಲಿ ಕೂರಿಸಿ, ಕಿವಿಗೆ ಯಂತ್ರ ಹಾಕಿ, ಸದ್ದು ಕೇಳಿದಾಗಲೆಲ್ಲ ಬೆರಳು ಎತ್ತಿಸುತ್ತಿದ್ದರು. ಎಷ್ಟು ಕೇಳಿಸಿತು ಅನ್ನುವುದು ಕಾರ್ಡಿನ ಮೇಲೆ ಗೆರೆಯಾಗುತ್ತಿತ್ತು. ವರ್ಷಕ್ಕೊಂದು ಗೆರೆ. ಒಂದು ಕಾರ್ಡು ತೆಗೆದು ನೋಡು, ಗೆರೆ ಪ್ರತಿ ವರ್ಷ ಒಂದೊಂದು ಮೆಟ್ಟಿಲು ಕೆಳಗಿಳಿದಿರುತ್ತದೆ. ಎಲ್ಲರದೂ ಹಾಗೇ.

ನಮ್ಮವರ ಕಿವಿ ಹೋಗಿದ್ದು ವಯಸ್ಸಿನಿಂದ ಎಂದು ಕಂಪನಿ ಹೇಳುತ್ತದೆ. ಬರುವಾಗ ಕೇಳಿಸುತ್ತಿತ್ತು, ಪ್ರೆಸ್ಸಿನ ಮುಂದೆ ನಿಂತ ಮೇಲೆ ಹೋಯಿತು ಎಂದು ಹೇಳುವುದು ಈ ಕಾರ್ಡುಗಳು ಮಾತ್ರ. ಈ ವರ್ಷ ಸರ್ಕಾರದ ತಪಾಸಣಾಧಿಕಾರಿ ಬರುತ್ತಾರೆ. ಕಾರ್ಡುಗಳನ್ನು ಅವರ ಮುಂದೆ ಇಟ್ಟರೆ ಪ್ರೆಸ್ಸುಗಳಿಗೆ ಸದ್ದು ತಡೆಯುವ ಮುಚ್ಚಿಗೆ ಹಾಕಿಸಲೇಬೇಕಾಗುತ್ತದೆ. ಈಗ ಅಲ್ಲಿ ನಿಂತಿರುವ ಅರವತ್ತು ಜನರಾದರೂ ಉಳಿಯುತ್ತಾರೆ. ಅವರಲ್ಲಿ ನನ್ನ ಮಗಳೂ ಒಬ್ಬಳು.

ಇನ್ನೆರಡು ಮಾತು. ಸಭೆಯನ್ನು ಆ ಹಳೆಯ ಕೋಣೆಯಲ್ಲಿ ಮಾಡಿಸು, ದುಂಡು ಮೇಜು ಇದೆಯಲ್ಲ, ಅಲ್ಲಿ ಬೆಳಕು ಚೆನ್ನಾಗಿದೆ. ಮತ್ತೆ, ಚರ್ಚೆಯ ವಿಷಯಗಳನ್ನು ಮೊದಲೇ ಟೈಪ್ ಮಾಡಿ ಕಳಿಸು. ಮುದುಕರಿಗೆ ಸಿದ್ಧತೆ ಬೇಕು.

ನಿನ್ನ ಅಣ್ಣ

ಫೆಬ್ರವರಿ 2

ಅಣ್ಣ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಕಿವಿ ಕಾರ್ಡಿನ ವಿಷಯ ನೀನು ಇಷ್ಟು ದಿನ ನನಗೆ ಹೇಳೇ ಇರಲಿಲ್ಲ. ನಿನ್ನ ಕುರ್ಚಿ ನನ್ನ ಜವಾಬ್ದಾರಿ, ಚಿಂತೆ ಬಿಡು.

ಆದರೆ ಐದು ಬೇಡ. ನೀನು ಯಂತ್ರದ ಮನುಷ್ಯ, ಸಭೆಯ ಒಳಸುಳಿ ನಿನಗೆ ಗೊತ್ತಿಲ್ಲ. ಐದು ಎಂದರೆ ಯಾರು? ನಿರ್ದೇಶಕರು, ಕಾನೂನು ಅಧಿಕಾರಿ, ಲೆಕ್ಕ ವಿಭಾಗ, ಕಂಪ್ಯೂಟರ್ ವಿಭಾಗ, ನೀನು. ನಾಲ್ವರ ಎದುರು ನೀನೊಬ್ಬ. ಒಂಬತ್ತಾದರೆ ಸೇಫ್ಟಿ ಆಫೀಸರ್ ಬರುತ್ತಾರೆ, ಯೂನಿಯನ್ ಕಾರ್ಯದರ್ಶಿ ಬರುತ್ತಾರೆ. ನೀವು ಮೂವರಾಗುತ್ತೀರಿ. ಸಿಬ್ಬಂದಿ ವಿಭಾಗದವರನ್ನೂ ಲೆಕ್ಕ ತಪಾಸಕರನ್ನೂ ನಾನು ಮಾತಾಡಿಸಿ ಇಡುತ್ತೇನೆ, ಅವರು ಒಳ್ಳೆಯವರು. ಅಲ್ಲಿಗೆ ಐದು ಮತ ನಿನ್ನ ಕಡೆಗೆ. ನಿರ್ದೇಶಕರಿಗೂ ಐದೇ ಇಷ್ಟ. ಅವರಿಗೂ ನಿನಗೂ ಒಂದೇ ಇಷ್ಟ ಅಂದ ಮೇಲೆ ಎಲ್ಲೋ ತಪ್ಪಿದೆ ಅಂತಲೇ ಅರ್ಥ.

ಒಂದು ವಿಷಯ ಕೇಳಲೇಬೇಕು. ಕಾನೂನು ಅಧಿಕಾರಿ ನನ್ನನ್ನು ಕರೆದು, “ನಿಮ್ಮ ಅಣ್ಣನಿಗೆ ಕಿವಿ ಮಂದ ಅಂತಾರಲ್ಲ, ಸಭೆಯಲ್ಲಿ ಕೂರೋದು ಕಷ್ಟ ಆಗಲ್ವಾ?” ಎಂದರು. ಎಡಗಿವಿ ಸ್ವಲ್ಪ ಮಂದ, ಬಲಗಿವಿ ಪಕ್ಕಾ ಇದೆ ಎಂದೆ. ನೀನೇ ಹಾಗೆ ಹೇಳಿದ್ದೆಯಲ್ಲ. ಅದು ನಿಜ ತಾನೆ? ನಿಜವಾಗಿದ್ದರೆ ಒಂದು ಸಾಲು ಬರೆದು ಕಳಿಸು, ಕಡತದಲ್ಲಿ ಇಡುತ್ತೇನೆ. ಇಲ್ಲದಿದ್ದರೆ ಕಾರ್ಖಾನೆಯ ಬೇರೆ ಯಾರನ್ನಾದರೂ ಹಾಕಿಕೊಳ್ಳುತ್ತಾರೆ.

ಕಿವಿ ಕಾರ್ಡುಗಳನ್ನು ಇಲ್ಲಿಗೆ ಕಳಿಸಿಬಿಡು. ಸಮಿತಿಯ ಮುಂದೆ ಬರುವ ಕಾಗದಗಳೆಲ್ಲ ಕೇಂದ್ರ ಗೋದಾಮಿನಲ್ಲಿರಬೇಕು ಎಂದು ನಿಯಮ. ನನ್ನ ಕಣ್ಣೆದುರೇ ಇದ್ದರೆ ನಿನಗೂ ಧೈರ್ಯ.

ಗುಬ್ಬಿ

ಫೆಬ್ರವರಿ 13

ಗುಬ್ಬಿ,

ನನ್ನ ಬಲಗಿವಿ ಚೆನ್ನಾಗಿದೆ. ಇದನ್ನೇ ಬೇರೆ ಚೀಟಿಯಲ್ಲಿ ಬರೆದು ಸಹಿ ಹಾಕಿದ್ದೇನೆ, ಕಡತದಲ್ಲಿ ಇಡು.

ಕಾರ್ಡುಗಳನ್ನು ನಿನ್ನೆ ಲಾರಿಯಲ್ಲಿ ಕಳಿಸಿದ್ದೇನೆ, ಎರಡು ಮೂಟೆ. ಬಾಯಿ ಕಟ್ಟಿ ಮೊಹರು ಹಾಕಿದ್ದು ನಾನೇ.

ಮತ ಎಣಿಸುವುದರಲ್ಲಿ ನೀನು ಜಾಣೆ, ನಿನ್ನ ಲೆಕ್ಕವನ್ನು ತಪ್ಪು ಅನ್ನುವುದಿಲ್ಲ. ಆದರೂ ಐದೇ ಇರಲಿ ಗುಬ್ಬಿ. ನಾಲ್ವರ ಎದುರು ಒಬ್ಬನಾದರೂ ಚಿಂತೆಯಿಲ್ಲ, ನಾನು ಒಪ್ಪುವುದಿಲ್ಲ ಎಂದು ಬರೆಸಿದರೆ ಅದು ನಡಾವಳಿಯಲ್ಲಿ ಉಳಿಯುತ್ತದೆ. ಅಷ್ಟು ಸಾಕು. ತೀರಾ ಆಗದಿದ್ದರೆ ಏಳು. ಮೇಜಿನ ವಿಷಯ ಮರೆಯಬೇಡ.

ಇಲ್ಲಿ ಎರಡು ಸಾಲು ಬರೆದು ಹೊಡೆದುಹಾಕಿದ್ದೇನೆ. ಬೆಳಕಿಗೆ ಹಿಡಿದು ಓದಲು ನೋಡಬೇಡ, ಮುಖ್ಯವಾದದ್ದೇನಲ್ಲ.

ಅಣ್ಣ

ಮಾರ್ಚ್ 1

ಅಣ್ಣ,

ಒಂಬತ್ತು! ಗೆದ್ದೆ.

ಮೂರು ವಾರ ಅವರ ತಲೆ ತಿಂದಿದ್ದೇನೆ. ಎಲ್ಲ ವಿಭಾಗಕ್ಕೂ ದನಿ ಇರಬೇಕು, ಇಲ್ಲದಿದ್ದರೆ ನಾಳೆ ನ್ಯಾಯಾಲಯದಲ್ಲಿ ಸಮಿತಿ ನಿಲ್ಲುವುದಿಲ್ಲ ಎಂದು ಹೆದರಿಸಿದೆ. ನಿರ್ದೇಶಕರು ಕೊನೆಗೆ “ಆಯ್ತಮ್ಮಾ, ಒಂಬತ್ತೇ ಮಾಡ್ಕೊಳ್ಳಿ, ಟೀ ಖರ್ಚು ನಿಮ್ಮದು” ಎಂದು ಸಹಿ ಹಾಕಿದರು. ಆದೇಶದಲ್ಲಿ ಒಂಬತ್ತನೆಯ ಸದಸ್ಯ: ಕಾರ್ಖಾನೆಯ ದಾಖಲೆ ಕೊಠಡಿಯ ಪಾಲಕರು. ಟೈಪ್ ಮಾಡುವಾಗ ಕಣ್ಣು ತುಂಬಿ ಬಂತು. ಇಪ್ಪತ್ತು ವರ್ಷ ನೀನು ಆ ಸದ್ದಿನಲ್ಲಿ ನಿಂತದ್ದಕ್ಕೇ ನನ್ನ ಕಾಲೇಜಾಯಿತು. ನಾನು ತಿರುಗಿ ಕೊಟ್ಟದ್ದು ಇದೊಂದು ಕುರ್ಚಿ.

ದುಂಡು ಮೇಜಿಗೆ ಒಂಬತ್ತು ಜನ ಹಿಡಿಸುವುದಿಲ್ಲ, ಐದನೇ ಮಹಡಿಯ ದೊಡ್ಡ ಹಾಲಿನಲ್ಲಿ ಉದ್ದ ಮೇಜು ಹಾಕುತ್ತೇವೆ. ನಿನಗೂ ಒಂದು ಸಲ ಆ ಹಾಲು ನೋಡಿದಂತಾಗುತ್ತದೆ. ವಿಷಯಪಟ್ಟಿಯನ್ನು ಮೊದಲೇ ಕಳಿಸಲು ಕಾನೂನು ಅಧಿಕಾರಿ ಬಿಡಲಿಲ್ಲ, ಗೋಪ್ಯವಂತೆ. ನಿರ್ದೇಶಕರೇ ಒಂದೊಂದಾಗಿ ಓದುತ್ತಾರೆ, ಆಕ್ಷೇಪ ಇದ್ದವರು ಹೇಳಬೇಕು. ಹೇಳದವರು ಒಪ್ಪಿದಂತೆ. ಇದು ನಾನೇ ಬರೆದ ನಿಯಮ, ಒಂಬತ್ತು ಜನ ಅಂದ ಮೇಲೆ ಸಭೆ ಎಳೆಯಬಾರದಲ್ಲ. ಸಭೆಯಾದ ಏಳು ದಿನದೊಳಗೆ ಯಾವ ಸದಸ್ಯನಾದರೂ ಬರೆದು ತಡೆಯಬಹುದು. ಆಮೇಲೆ ಕಾಗದ ಯಂತ್ರಕ್ಕೆ.

24ಕ್ಕೆ, ಬೆಳಿಗ್ಗೆ ಹನ್ನೊಂದು ಗಂಟೆಗೆ. ಬಾ.

ಗುಬ್ಬಿ

ಮಾರ್ಚ್ 12

ಗುಬ್ಬಿ,

ನೀನು ಪಟ್ಟ ಪಾಡಿಗೆ ಏನು ಹೇಳಲಿ. ದೊಡ್ಡವಳಾದೆ.

ಬೆಳಗಿನ ರೈಲಿಗೆ ಬಂದು ಸಂಜೆಯದಕ್ಕೆ ಹೊರಡುತ್ತೇನೆ. ಮಗಳು ಹೊಸ ಶರ್ಟು ತಂದಿದ್ದಾಳೆ, ಕಾಲರು ಕುತ್ತಿಗೆ ಹಿಸುಕುತ್ತದೆ. ನನ್ನನ್ನು ನಿರ್ದೇಶಕರ ಎದುರಿಗೆ ಕೂರಿಸು. ಅದಾಗದಿದ್ದರೆ ನಿನ್ನ ಮುಖ ಕಾಣುವ ಕಡೆ ಕೂರಿಸು.

ಅಣ್ಣ

ಏಪ್ರಿಲ್ 19

ಮಾನ್ಯರೇ,

ದಾಖಲೆ ನಿರ್ವಹಣಾ ಸಮಿತಿಯ ಮೊದಲ ಸಭೆಯ ನಡಾವಳಿಯ ಪ್ರತಿಯನ್ನು ಇದರೊಂದಿಗೆ ಲಗತ್ತಿಸಿದೆ. ಹನ್ನೊಂದನೆಯ ವಿಷಯ: ಪ್ರೆಸ್ ಶಾಪಿನ ಹಳೆಯ ಶ್ರವಣ ತಪಾಸಣಾ ಕಾರ್ಡುಗಳು, ಇನ್ನೂರ ಹದಿನಾಲ್ಕು. ತೀರ್ಮಾನ: ನಾಶಪಡಿಸುವುದು. ಸರ್ವಾನುಮತ. ತಮ್ಮ ಕಡೆಯಿಂದ ಏಳು ದಿನದೊಳಗೆ ಆಕ್ಷೇಪ ಬಾರದ ಕಾರಣ ಏಪ್ರಿಲ್ 1ರಂದು ಕಾರ್ಡುಗಳನ್ನು ಯಂತ್ರಕ್ಕೆ ನೀಡಲಾಗಿದೆ.

ಹೀಗೇ ಮುಗಿಸಬೇಕೆಂದಿದ್ದೆ. ಆಗುತ್ತಿಲ್ಲ.

ನಿರ್ದೇಶಕರು ಹನ್ನೊಂದನೆಯದನ್ನು ಓದಿ, ಇದು ನಿಮ್ಮ ಕಾರ್ಖಾನೆಯದ್ದು, ನಿಮ್ಮ ಮಾತೇ ಮೊದಲು ಎಂದು ನಿನ್ನ ಕಡೆ ತಿರುಗಿದರು. ಎಲ್ಲರೂ ನಿನಗಾಗಿ ಕಾದರು. ಸಿಬ್ಬಂದಿ ವಿಭಾಗದವರಿಗೂ ಲೆಕ್ಕ ತಪಾಸಕರಿಗೂ ನಾನು ಎಷ್ಟು ಸಲ ಹೇಳಿಟ್ಟಿದ್ದೆ. ನೀನು ಕೋಲೆಬಸವನ ಹಾಗೆ ತಲೆಯಾಡಿಸಿದೆ. ನಕ್ಕೆ ಕೂಡ. “ಅವರೇ ಒಪ್ಪಿದ ಮೇಲೆ ನಮ್ಮದೇನಿದೆ?” ಎಂದು ಸೇಫ್ಟಿ ಆಫೀಸರ್ ಕೈ ಬಿಟ್ಟರು. ನಾನು ಸರ್ವಾನುಮತ ಎಂದು ಬರೆದೆ. ತಲೆ ಎತ್ತಿದರೆ ಅತ್ತುಬಿಡುತ್ತೇನೆಂದು ತಲೆ ಎತ್ತಲಿಲ್ಲ. ಸಭೆ ಮುಗಿದ ಮೇಲೆ ನಿನ್ನನ್ನು ಕಾಣದೆ ಹಿಂದಿನ ಮೆಟ್ಟಿಲಿಂದ ಇಳಿದು ಹೋದೆ.

ಏಳು ದಿನ ನಿನ್ನ ಕಾಗದಕ್ಕೆ ಕಾದೆ. ಏನೋ ಲೆಕ್ಕಾಚಾರ ಇರಬೇಕು, ಬರೆಯುತ್ತಾನೆ, ತಡೆಯುತ್ತಾನೆ ಎಂದುಕೊಂಡೆ. ಎಂಟನೆಯ ದಿನ ಬಂದದ್ದು ಬೇರೆ ಸುದ್ದಿ. ಮಗಳನ್ನು ಪ್ರೆಸ್ಸಿನಿಂದ ತೆಗೆದು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದ್ದಾರಂತೆ. ಮೆತ್ತಗಿನ ಜಾಗ, ಸದ್ದಿಲ್ಲದ ಜಾಗ. ಆಗ ಎಲ್ಲ ಅರ್ಥವಾಯಿತು. ನಿನ್ನ ಮಗಳು ಉಳಿದಳು, ಉಳಿದವರ ಕಾರ್ಡು ಹೋಯಿತು. ನನ್ನ ಹತ್ತಿರ ಹೇಳಿಯಾದರೂ ಮಾಡಬಾರದಿತ್ತೆ?

ಯಂತ್ರಕ್ಕೆ ಕೊಡುವ ಚೀಟಿಗೆ ಸಹಿ ಮಾಡಿದ್ದು ನಾನೇ.

ಕಾರ್ಯದರ್ಶಿ

ಏಪ್ರಿಲ್ 30

ಗುಬ್ಬಿ,

ಕಾರ್ಡುಗಳು ಹೋದದ್ದು ನನಗೆ ಗೊತ್ತಾಗಿದ್ದೇ ನಿನ್ನ ಕಾಗದದಿಂದ. ಹನ್ನೊಂದನೆಯ ವಿಷಯ ಓದಿ, ಟೈಪ್ ಮಾಡುವಾಗ ತಪ್ಪಿರಬೇಕು ಎಂದುಕೊಂಡೆ. ಕೆಳಗಿನದನ್ನೂ ಓದಿದೆ. ಆಮೇಲೆ ಬಹಳ ಹೊತ್ತು ಒಲೆಯ ಮುಂದೆ ಕೂತಿದ್ದೆ. ಹಾಲು ಉಕ್ಕಿ ಒಲೆ ಆರಿದ್ದನ್ನು ಮಗಳು ಬಂದು ನೋಡಿದಳು.

ನನಗೆ ಎರಡೂ ಕಿವಿ ಕೇಳುವುದಿಲ್ಲ. ನಾಲ್ಕು ವರ್ಷವಾಯಿತು. ನಿನ್ನ ಅತ್ತಿಗೆಗೆ ಮಾತ್ರ ಗೊತ್ತಿತ್ತು. ಫೋನು ಎತ್ತುತ್ತಿದ್ದವಳು ಅವಳು, ಯಾರಾದರೂ ಬಂದರೆ ಅವರ ಮಾತನ್ನು ನನ್ನ ಕಡೆ ತಿರುಗಿ ಇನ್ನೊಂದು ಸಲ ಆಡುತ್ತಿದ್ದವಳು ಅವಳು. ಅವಳು ಹೋದ ಮೇಲೆ ತುಟಿ ನೋಡಿ ಓದುವುದನ್ನು ಕಲಿತೆ. ಎದುರಿಗೆ ಒಬ್ಬರಿದ್ದು ಮುಖದ ಮೇಲೆ ಬೆಳಕಿದ್ದರೆ ಒಂದು ಮಾತೂ ತಪ್ಪುವುದಿಲ್ಲ. ದುಂಡು ಮೇಜಿನ ಸುತ್ತ ನಾಲ್ವರಿದ್ದರೆ ಹೇಗೋ ಹಿಡಿಯಬಲ್ಲೆ. ಅದಕ್ಕೇ ಐದು ಎಂದೆ. ನಿನಗೆ ಹೇಳಿದ್ದರೆ ಕುರ್ಚಿಯೇ ಹೋಗುತ್ತಿತ್ತು, ನೀನೇ ಹಾಗೆ ಬರೆದಿದ್ದೆ. ಹೊಡೆದುಹಾಕಿದ ಎರಡು ಸಾಲು ಇದೇ.

ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಅನ್ನುತ್ತಾರೆ. ಕಿವಿ ಇಲ್ಲದವನ ಮೇಲಿನ ಗಾದೆಗಳೆಲ್ಲ ನಗುವುದಕ್ಕೇ ಇವೆ. ನೀನೂ ಒಂದು ಬರೆದಿದ್ದೆ, ನನಗೆ ಬೇಸರವಿಲ್ಲ.

ನಿರ್ದೇಶಕರ ಬೆನ್ನ ಹಿಂದೆ ದೊಡ್ಡ ಕಿಟಕಿ. ಮುಖ ಕಪ್ಪು, ಮೇಲೆ ಮೀಸೆ, ಕೈಯಲ್ಲಿ ಕಾಗದ ಬೇರೆ. ಎಷ್ಟನೆಯ ವಿಷಯ ಎಂದು ಮೇಜಿನ ಕೆಳಗೆ ಬೆರಳು ಮಡಚಿ ಎಣಿಸುತ್ತಿದ್ದೆ. ನಡುವೆ ಟೀ ಬಂತು, ಎಣಿಕೆ ತಪ್ಪಿತು. ಒಬ್ಬರ ತುಟಿ ನೋಡುವಷ್ಟರಲ್ಲಿ ಇನ್ನೊಬ್ಬರು ಮುಗಿಸಿರುತ್ತಿದ್ದರು. ಒಮ್ಮೆ ಎಲ್ಲರೂ ನನ್ನ ಕಡೆ ತಿರುಗಿದರು. ಆಗಷ್ಟೇ ಗೇಟಿನ ಹಳೆಯ ಹಾಜರಿ ಪುಸ್ತಕಗಳ ಮಾತು ನಡೆದಿತ್ತು, ಅದನ್ನೇ ಕೇಳುತ್ತಿದ್ದಾರೆ ಎಂದುಕೊಂಡೆ. ಏನು ಎಂದು ಕೇಳಬಹುದಿತ್ತು. ಕೇಳಿದರೆ ನನ್ನ ಗುಟ್ಟು ಹೊರಬೀಳುತ್ತದೆ, ಕಾರ್ಡಿನ ವಿಷಯ ಬರುವ ಮೊದಲೇ ಎಬ್ಬಿಸಿ ಕಳಿಸುತ್ತಾರೆ ಎಂದು ಹೆದರಿದೆ. ಮೇಜಿನ ಕೊನೆಯಲ್ಲಿ ನಿನ್ನನ್ನು ನೋಡಿದೆ. ಏನಾದರೂ ತಪ್ಪಿದ್ದರೆ ನಿನ್ನ ಮುಖದಲ್ಲಿ ಗೊತ್ತಾಗುತ್ತದೆ ಎಂದು ಕಾದೆ. ನೀನು ತಲೆ ಬಗ್ಗಿಸಿ ಬರೆಯುತ್ತಿದ್ದೆ. ಸರಿ, ಏನೂ ಇಲ್ಲ ಎಂದುಕೊಂಡು ತಲೆಯಾಡಿಸಿದೆ, ಮರ್ಯಾದೆಗೆ ನಕ್ಕೆ.

ಕಾರ್ಡುಗಳ ವಿಷಯ ಮುಂದಿನ ಸಭೆಗೆ ಹೋಯಿತು ಎಂದೇ ತಿಳಿದು ಊರಿಗೆ ಬಂದೆ. ಪ್ರೆಸ್ ಶಾಪಿನಲ್ಲಿ ಎಲ್ಲರಿಗೂ ಹಾಗೇ ಹೇಳಿದೆ. ಏಳು ದಿನ ನಾನೂ ನಿನ್ನ ಕಾಗದಕ್ಕೇ ಕಾದೆ.

ಮಗಳ ವಿಷಯ. ಅವಳನ್ನು ಪ್ಯಾಕಿಂಗಿಗೆ ಹಾಕಿದ್ದು ಯಾರ ಉಪಕಾರವೂ ಅಲ್ಲ. ಮಾರ್ಚಿನ ಪರೀಕ್ಷೆಯಲ್ಲಿ ಅವಳ ಗೆರೆ ಮೂರು ಮೆಟ್ಟಿಲು ಒಟ್ಟಿಗೆ ಇಳಿದಿದೆ. ಅದಕ್ಕೂ ಮೊದಲೇ ನನಗೆ ಸಂಶಯವಿತ್ತು. ರೇಡಿಯೋ ಸಣ್ಣಗೆ ಮಾಡಿ ಎಂದು ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದ್ದರು. ಹಾಡು ಹಾಕಿ ಕೇಳುತ್ತಿದ್ದವಳು ಅವಳು. ಬಾಗಿಲು ತಟ್ಟಿದ್ದು ನಮ್ಮಿಬ್ಬರಿಗೂ ಕೇಳಿಸಲಿಲ್ಲ, ಕಿಟಕಿಗೆ ಬಂದು ಕೈ ಬೀಸಿದಾಗ ಗೊತ್ತಾಯಿತು. ಅವಳಿಗೆ ಇಪ್ಪತ್ತಾರು ವರ್ಷ. ವಯಸ್ಸಿನಿಂದ ಎಂದು ಅವಳಿಗೂ ಬರೆದುಕೊಡುತ್ತಾರೇನೋ.

ಅಣ್ಣ

ಮೇ 16

ಅಣ್ಣ,

ಹೇಗೆ ಬರೆಯಲಿ. ನಾಲ್ಕು ಸಲ ಹರಿದೆ.

ನಿನ್ನನ್ನು ಏನೆಲ್ಲ ಅಂದೆ. ನನಗಾಗಿ ಕಿವಿ ಕಳೆದುಕೊಂಡವನನ್ನು ಮಾರಿಕೊಂಡವನು ಎಂದು ಮನಸ್ಸಿನಲ್ಲಿ ಬೈದುಕೊಂಡು ಒಂದು ತಿಂಗಳು ಓಡಾಡಿದೆ. ಹೊಟ್ಟೆಗೆ ಹಾಕಿಕೊ ಎನ್ನಲೂ ಬಾಯಿ ಬರುವುದಿಲ್ಲ. ನೀನು ಐದು ಎಂದೆ, ದುಂಡು ಮೇಜು ಎಂದೆ, ಬೆಳಕು ಎಂದೆ, ಪಟ್ಟಿ ಎಂದೆ. ಒಂದೊಂದಕ್ಕೂ ಬೇಡ ಎಂದವಳು ನಾನು. ಒಂದು ಸಲ ತಲೆ ಎತ್ತಿದ್ದರೆ ಸಾಕಿತ್ತು.

ನಿನ್ನ ಕಾಗದ ಬಂದ ದಿನವೇ ನಿರ್ದೇಶಕರ ಕೋಣೆಗೆ ಹೋದೆ. ಒಬ್ಬ ಸದಸ್ಯನಿಗೆ ಮಾತು ಕೇಳಿಸಿರಲಿಲ್ಲ, ಹನ್ನೊಂದನೆಯ ತೀರ್ಮಾನ ಸರ್ವಾನುಮತವಲ್ಲ, ನಡಾವಳಿ ತಿದ್ದಬೇಕು ಎಂದೆ. ಕಾನೂನು ಅಧಿಕಾರಿ ಕಡತ ತೆಗೆದು ನಿನ್ನ ಸಾಲನ್ನು ನನ್ನ ಮುಂದಿಟ್ಟರು. ನನ್ನ ಬಲಗಿವಿ ಚೆನ್ನಾಗಿದೆ. ಕೆಳಗೆ ನಿನ್ನ ಸಹಿ, ಪಕ್ಕದಲ್ಲಿ ನನ್ನ ಮೊಹರು. “ನೀವೇ ಇಟ್ಟದ್ದಲ್ವಾ?” ಎಂದರು. ಜೋರು ಮಾಡಲಿಲ್ಲ, ಮೆತ್ತಗೇ ಕೇಳಿದರು.

ಗೋದಾಮಿಗೂ ಹೋದೆ. ಚೂರುಗಳನ್ನು ಕಾಗದದ ಕಾರ್ಖಾನೆಗೆ ಕಳಿಸಿ ತಿಂಗಳಾಗಿದೆ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಿನ್ನೆ ಆದೇಶ ಬದಲಾಯಿತು. ಒಂಬತ್ತು ಜನರಿಂದ ಕೆಲಸ ಸಾಗುವುದಿಲ್ಲ ಎಂದು ಸಮಿತಿಯನ್ನು ಐದಕ್ಕೆ ಇಳಿಸಿದ್ದಾರೆ. ಹಳೆಯ ಕೋಣೆ, ದುಂಡು ಮೇಜು. ನಿರ್ದೇಶಕರು, ಕಾನೂನು, ಲೆಕ್ಕ, ಕಂಪ್ಯೂಟರ್, ಸಿಬ್ಬಂದಿ. ಕಾರ್ಖಾನೆಯ ಪಾಲಕರ ಹೆಸರು ಅದರಲ್ಲಿಲ್ಲ. ಆದೇಶ ಟೈಪ್ ಮಾಡಲು ನನ್ನ ಮೇಜಿಗೇ ಬಂತು. ಮಾಡುವುದಿಲ್ಲ ಎಂದೆ. ಪಕ್ಕದ ಮೇಜಿನವಳು ಮಾಡಿಕೊಟ್ಟಳು.

ಭಾನುವಾರ ಬರಲೇ? ಬೇಡ ಎಂದರೂ ನನಗೆ ಅರ್ಥವಾಗುತ್ತದೆ. ಪ್ರೆಸ್ ಶಾಪಿನವರಿಗೆ ಏನು ಹೇಳಿದೆ? ನನ್ನ ಹೆಸರು ಹೇಳು. ಸಹಿ ನನ್ನದೇ.

ಗುಬ್ಬಿ

ಮೇ 27

ಗುಬ್ಬಿ,

ಬಾ. ಬೇಡ ಎನ್ನುವವನೆ ನಾನು? ಬಂದಾಗ ಕಿಟಕಿಗೆ ಮುಖ ಮಾಡಿ ಕೂರು, ಮೆಲ್ಲಗೆ ಮಾತಾಡು. ಮಗಳ ಹತ್ತಿರವೂ ಹಾಗೇ ಮಾತಾಡು, ಆದರೆ ಅವಳಿಗಾಗಿ ಹಾಗೆ ಮಾಡುತ್ತಿದ್ದೀಯ ಎಂದು ತೋರಿಸಿಕೊಳ್ಳಬೇಡ. ಅವಳಿನ್ನೂ ಒಪ್ಪಿಕೊಂಡಿಲ್ಲ.

ನೀನು ಸಹಿ ಹಾಕಿದೆ, ನಾನು ತಲೆಯಾಡಿಸಿದೆ. ಇಬ್ಬರಲ್ಲಿ ಯಾರದು ಹೆಚ್ಚು ಎಂದು ತೂಗುತ್ತಾ ಕೂರುವುದು ಬೇಡ. ನಾನು ಮೊದಲೇ ಹೇಳಿದ್ದರೆ ನೀನು ಬೇರೆಯವರನ್ನು ಕೂರಿಸುತ್ತಿದ್ದೆ, ಕಾರ್ಡುಗಳು ಉಳಿಯುತ್ತಿದ್ದವು. ನನಗೆ ಕುರ್ಚಿಯ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇನ್ನೂರ ಹದಿನಾಲ್ಕು ಜನರ ಪರವಾಗಿ ನಾನೇ ಮಾತಾಡಬೇಕು ಎಂಬ ಹಟ ಇತ್ತು.

ಪ್ರೆಸ್ ಶಾಪಿನವರಿಗೆ ಸೋಮವಾರ ಹೇಳಿದೆ, ಪಾಳಿ ಬದಲಾಗುವಾಗ ಯಂತ್ರಗಳು ನಿಂತಿರುತ್ತವಲ್ಲ, ಆಗ. ಹಳಬರೂ ಬಂದಿದ್ದರು, ಪ್ಯಾಕಿಂಗಿನಿಂದ ಮಗಳೂ ಬಂದು ಹಿಂದೆ ನಿಂತಿದ್ದಳು. ತಪಾಸಣಾಧಿಕಾರಿ ಮುಂದಿನ ತಿಂಗಳು ಬರುತ್ತಾರೆ, ಕಾರ್ಡು ಯಾವಾಗ ತರುತ್ತೀರಿ ಎಂದು ಎಲ್ಲರದೂ ಒಂದೇ ಪ್ರಶ್ನೆ. ಕಾರ್ಡು ಇಲ್ಲ, ನಾಶ ಮಾಡಲು ನಾನೇ ಒಪ್ಪಿ ಬಂದೆ ಎಂದೆ. ಮುಂದಿನವರು ಕಿವಿಗೆ ಕೈ ಹಿಡಿದರು. ಇನ್ನೊಮ್ಮೆ ಹೇಳಿದೆ. ಎಷ್ಟು ಜೋರಾಗಿ ಹೇಳುತ್ತಿದ್ದೇನೆ ಎಂದು ನನಗೂ ತಿಳಿಯುತ್ತಿರಲಿಲ್ಲ. ಅರ್ಧ ಜನ ಪಕ್ಕದವರ ಮುಖ ನೋಡಿದರು, ಪಕ್ಕದವರು ನನ್ನ ಮುಖ ನೋಡಿದರು. ಯಾರೋ ನಕ್ಕರು, ಒಳ್ಳೆಯ ಸುದ್ದಿ ಎಂದುಕೊಂಡಿರಬೇಕು. ಮೂರನೆಯ ಸಲ ಹೇಳಲು ನನ್ನಿಂದ ಆಗಲಿಲ್ಲ.

ಜೇಬಿನಲ್ಲಿದ್ದ ಕಾಗದದ ಮೇಲೆ ಬರೆದೆ. ಕಾರ್ಡುಗಳು ಹೋದವು, ಸಭೆಯಲ್ಲಿ ನನಗೆ ಕೇಳಿಸಲಿಲ್ಲ, ಒಪ್ಪಿಬಿಟ್ಟೆ ಎಂದು ಅಷ್ಟೇ. ಮುಂದಿನವರಿಗೆ ಕೊಟ್ಟೆ. ಅದು ಒಬ್ಬರಿಂದ ಒಬ್ಬರಿಗೆ ಹೋಯಿತು. ಓದಿದವರು ಯಾರೂ ಬೈಯಲಿಲ್ಲ. ಬೈದಿದ್ದರೂ ನನಗೆ ತಿಳಿಯುತ್ತಿರಲಿಲ್ಲ, ನಾನು ನೆಲ ನೋಡುತ್ತಿದ್ದೆ.

ತಲೆ ಎತ್ತಿದಾಗ ಕಾಗದ ಮಗಳ ಕೈಯಲ್ಲಿತ್ತು. ಎರಡು ಸಲ ಓದಿದಳು. ಆಮೇಲೆ ಎಲ್ಲರನ್ನೂ ದಾಟಿಕೊಂಡು ಬಂದು ನನ್ನ ಎದುರಿಗೆ, ಬೆಳಕು ಅವಳ ಮುಖದ ಮೇಲೆ ಬೀಳುವ ಹಾಗೆ ನಿಂತಳು. “ನಂಗೂ ಕೇಳ್ಸಲ್ಲಪ್ಪ” ಎಂದಳು.

ಅಣ್ಣ